ಮಣ್ಣುಪಾಲಾದದ್ದೇ ಕಾಡು

ಕನ್ನಡದಲ್ಲಿ ಏನಾದರೂ ಕೈಬಿಟ್ಟು ಹೋದರೆ ‘ಮಣ್ಣುಪಾಲಾಯಿತು’ ಎನ್ನುತ್ತೇವೆ. ದುಡ್ಡು ಮಣ್ಣುಪಾಲಾಯಿತು, ದುಡಿಮೆ ಮಣ್ಣುಪಾಲಾಯಿತು, ಮಗನ ಓದು ಮಣ್ಣುಪಾಲಾಯಿತು. ಒಬ್ಬರ ಅನ್ನ ಕಿತ್ತುಕೊಂಡರೆ ಬಾಯಿಗೆ ಮಣ್ಣು ಹಾಕಿದರು ಎನ್ನುತ್ತೇವೆ. ಸತ್ತವರನ್ನು ಮಣ್ಣು ಮಾಡುತ್ತೇವೆ. ನಮ್ಮ ಮಾತಿನಲ್ಲಿ ಮಣ್ಣೆಂದರೆ ಕೊನೆ, ಅಲ್ಲಿಂದ ಮುಂದೆ ಲೆಕ್ಕವಿಲ್ಲ. ಈ ನುಡಿಗಟ್ಟನ್ನು ದೇಶದ ಅರಣ್ಯ ನೀತಿ ಅಕ್ಷರಶಃ ಪಾಲಿಸುತ್ತಿದೆ ಎಂಬುದು ನನ್ನ ತಕರಾರು. ಕಾಡಿನ ಮಟ್ಟಿಗೆ ಈ ಮಾತು ತಲೆಕೆಳಗು. ಮರ ಗಾಳಿಯಿಂದ ಹೀರಿದ ಇಂಗಾಲದಲ್ಲಿ ಹೆಚ್ಚು ಕಾಲ ಉಳಿಯುವುದು ಮಣ್ಣುಪಾಲಾದ ಭಾಗವೇ.

ಇದು ನನ್ನ ಕಲ್ಪನೆಯಲ್ಲ, ಸರ್ಕಾರವೇ ಬರೆದಿಟ್ಟ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಎರಡು ವರ್ಷಕ್ಕೊಮ್ಮೆ ದೇಶದ ಕಾಡುಗಳ ವರದಿ ಹೊರಡಿಸುತ್ತದೆ. ಅದರ 2019ರ ವರದಿಯ ಪ್ರಕಾರ ನಮ್ಮ ಕಾಡುಗಳಲ್ಲಿರುವ ಒಟ್ಟು ಇಂಗಾಲ 7,124.6 ದಶಲಕ್ಷ ಟನ್. ಅದರಲ್ಲಿ 4,004 ದಶಲಕ್ಷ ಟನ್, ಅಂದರೆ ಶೇ. 56ರಷ್ಟು ಇರುವುದು ಮಣ್ಣಿನಲ್ಲಿ. ಕಾಂಡ, ಕೊಂಬೆ, ಎಲೆ, ಬೇರು, ಬಿದ್ದ ಕಟ್ಟಿಗೆ, ತರಗು ಎಲ್ಲವನ್ನೂ ಕೂಡಿಸಿದರೂ ಅರ್ಧ ಮುಟ್ಟುವುದಿಲ್ಲ. ಹೀಗೆಂದು ಬರೆದ ವ್ಯವಸ್ಥೆಯೇ ಒಂದು ಕಾಡನ್ನು ರಸ್ತೆಗೋ ಗಣಿಗೋ ಬಿಟ್ಟುಕೊಡುವಾಗ ‘ಎಷ್ಟು ಮರ ಹೋಗುತ್ತವೆ?’ ಎಂದು ಮಾತ್ರ ಕೇಳುತ್ತದೆ. ಅದನ್ನು ವಿರೋಧಿಸುವ ನಾವೂ ‘ಅಯ್ಯೋ, ಇಷ್ಟೊಂದು ಮರ!’ ಎಂದೇ ಕೂಗುತ್ತೇವೆ. ಆಳುವವರೂ ಹೋರಾಡುವವರೂ ಒಂದೇ ಅರ್ಧದ ಮೇಲೆ ಜಗಳವಾಡುತ್ತಿದ್ದಾರೆ. ಇನ್ನೊಂದು ಅರ್ಧ, ದೊಡ್ಡ ಅರ್ಧ, ಯಾರ ಕಡತದಲ್ಲೂ ಇಲ್ಲ.

ಈ ಮಾತನ್ನು ಕೆರಗೋಡಿನಿಂದ ಆಡುತ್ತಿದ್ದೇನೆ ಎಂದರೆ ಕೆಲವರಿಗೆ ನಗು ಬರಬಹುದು. ಮಂಡ್ಯ ತಾಲ್ಲೂಕಿನ ಈ ಊರಿನ ಸುತ್ತ ಇರುವುದು ಕಬ್ಬು, ಭತ್ತ, ತೆಂಗು. ಕಾಡು ನೋಡಬೇಕಾದರೆ ಮೇಲುಕೋಟೆಯ ಬೆಟ್ಟಗಳಿಗೋ ಮಳವಳ್ಳಿ ಕಡೆಯ ಮುತ್ತತ್ತಿ, ಬಸವನಬೆಟ್ಟಕ್ಕೋ ಹೋಗಬೇಕು. 2024ರ ಜನವರಿಯಲ್ಲಿ 108 ಅಡಿಯ ಧ್ವಜಸ್ತಂಭ ಮತ್ತು ಅದರ ಮೇಲಿನ ಬಾವುಟದ ವಿಚಾರಕ್ಕೆ ಕೆರಗೋಡು ರಾಜ್ಯದ ಟೀವಿಗಳಲ್ಲೆಲ್ಲ ಬಂತು. ಜನ ದಿನಗಟ್ಟಲೆ ಕತ್ತೆತ್ತಿ ನೋಡಿದರು. ಆ ಜಗಳದ ನ್ಯಾಯ ಹೇಳುವುದು ಈ ಬರಹದ ಕೆಲಸವಲ್ಲ. ಕತ್ತು ಬಗ್ಗಿಸಿದರೆ ಕಾಣುವ ಒಂದು ಸಂಗತಿ ಅದೇ ಊರಿನ ಹೆಸರಲ್ಲೇ ಕೇಳಿಸುತ್ತದೆ. ಹೆಸರಿನ ಮೂಲ ಏನೇ ಇರಲಿ, ಉಚ್ಚರಿಸಿದರೆ ರೈತನ ಕಿವಿಗೆ ಕೇಳುವುದು ಕೆರೆಯ ಗೋಡು.

ಗೋಡು ಎಂದರೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದಿಂದ ಅಗೆದು ಹೊಲಕ್ಕೆ ಹೊಡೆಯುವ ಕಪ್ಪು ಮೆಕ್ಕಲು. ನಗರದ ಓದುಗರಿಗೆ ಹೂಳು ಎಂಬ ಪದ ಗೊತ್ತು. ಹೂಳು ತೆಗೆಯಬೇಕಾದ ತೊಂದರೆ. ಗೋಡು ತುಂಬಿಕೊಳ್ಳಬೇಕಾದ ಸಂಪತ್ತು. ಎರಡೂ ಒಂದೇ ವಸ್ತು, ನೋಡುವ ಕಣ್ಣು ಬೇರೆ. ಈ ಗೋಡು ಎಲ್ಲಿಂದ ಬಂತು? ಮೇಲಿನ ಗುಡ್ಡ, ಗೋಮಾಳ, ಕುರುಚಲು ಕಾಡುಗಳಿಂದ ಮಳೆ ತೊಳೆದು ತಂದ ನುಣ್ಣನೆಯ ಜೇಡಿ, ಅದಕ್ಕೆ ಅಂಟಿಕೊಂಡ ಎಲೆ, ಸೊಪ್ಪು, ಸಗಣಿಯ ಕೊಳೆ. ಮಂಡ್ಯದ ಕೆಂಪು ಮರಳು ಮಣ್ಣಿನಲ್ಲಿ ನೀರೂ ನಿಲ್ಲುವುದಿಲ್ಲ, ಸಾರವೂ ನಿಲ್ಲುವುದಿಲ್ಲ. ಅದಕ್ಕೆ ಗೋಡು ಬೆರೆಸಿದರೆ ಹಿಡಿತ ಬರುತ್ತದೆ. ಬಯಲಿನ ರೈತ ಕಾಡಿನ ಮಣ್ಣಿನ ಇಂಗಾಲವನ್ನು ಕೆರೆಯ ಮೂಲಕ ಸಾಲ ಪಡೆಯುತ್ತಿದ್ದ. ಕಾಡಿಗೂ ಕೆರಗೋಡಿನ ಹೊಲಕ್ಕೂ ಇದ್ದ ಸಂಬಂಧ ಮರದ ನೆರಳಿನದಲ್ಲ, ಮಣ್ಣಿನದು. ಕಾಡಿಲ್ಲದ ಊರಿನವರೇ ಕಾಡಿನ ಮಣ್ಣಿನ ಬಗ್ಗೆ ಮಾತಾಡಬೇಕಾದ್ದು ಇದಕ್ಕೆ.

ಇಂಗಾಲ ಮಣ್ಣಿಗೆ ಸೇರುವ ಬಗೆಯನ್ನು ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸುತ್ತದೆ: ಎಲೆ ಬೀಳುತ್ತದೆ, ಕೊಳೆಯುತ್ತದೆ, ಗೊಬ್ಬರವಾಗುತ್ತದೆ. ನಡೆಯುವುದು ಅಷ್ಟು ನೇರವಾಗಿಲ್ಲ. ಮುತ್ತತ್ತಿಯಂಥ ಒಣ ಕಾಡನ್ನೇ ತೆಗೆದುಕೊಳ್ಳಿ. ಬೇಸಿಗೆಯ ಹೊತ್ತಿಗೆ ಎಲೆ ಉದುರುತ್ತದೆ. ಆ ತಿಂಗಳುಗಳಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಬೇಕಾದ ತೇವ ಇರುವುದಿಲ್ಲ. ಆಗ ತರಗನ್ನು ನೆಲದೊಳಕ್ಕೆ ಹೊರುವ ಕೂಲಿ ಗೆದ್ದಲಿನದು. ನಾವು ಹುತ್ತಕ್ಕೆ ಹಾಲೆರೆದು ಕೈ ಮುಗಿಯುತ್ತೇವೆ, ಅದನ್ನು ಕಟ್ಟಿದ ಕೂಲಿಯನ್ನು ಮರೆಯುತ್ತೇವೆ. ಮೊದಲ ಮಳೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳು ಎದ್ದು ತಿನ್ನತೊಡಗುತ್ತವೆ. ತಿಂದದ್ದರಲ್ಲಿ ದೊಡ್ಡ ಪಾಲು ಉಸಿರಾಗಿ ಗಾಳಿಗೆ ಮರಳುತ್ತದೆ. ಸಣ್ಣದೊಂದು ಪಾಲು ಅವುಗಳ ಮೈಯಾಗುತ್ತದೆ. ಅವು ಸತ್ತಾಗ ಆ ಮೈಯ ಚೂರುಗಳು ಜೇಡಿಯ ಕಣಗಳಿಗೆ ಅಂಟಿಕೊಳ್ಳುತ್ತವೆ. ಇತ್ತ ಬೇರುಗಳು ತಾವು ಮಾಡಿಕೊಂಡ ಸಕ್ಕರೆಯಲ್ಲಿ ಒಂದಿಷ್ಟನ್ನು ನೆಲಕ್ಕೆ ಒಸರುತ್ತವೆ. ಬೇರಿಗೆ ಜೊತೆಯಾದ ಶಿಲೀಂಧ್ರದ ಎಳೆಗಳು ಮಣ್ಣಿನ ಕಣಗಳನ್ನು ಹೊಲಿದು ಸಣ್ಣ ಸಣ್ಣ ಹರಳುಗಳಾಗಿ ಮಾಡುತ್ತವೆ. ಹರಳಿನೊಳಗೆ ಸಿಕ್ಕಿಕೊಂಡ ಇಂಗಾಲಕ್ಕೆ ತಿನ್ನುವ ಬಾಯಿ ಸುಲಭಕ್ಕೆ ತಲುಪುವುದಿಲ್ಲ. ಅದು ದಶಕಗಟ್ಟಲೆ, ಕೆಲವು ಕಡೆ ಶತಮಾನಗಟ್ಟಲೆ ಅಲ್ಲೇ ಕೂತಿರುತ್ತದೆ.

ಎಷ್ಟು ಕಾಲ ಕೂರಬಹುದು ಎಂಬುದಕ್ಕೆ ಪಕ್ಕದ ನೀಲಗಿರಿ ಬೆಟ್ಟವೇ ಸಾಕ್ಷಿ. ಅಲ್ಲಿನ ಜೌಗು ಕಣಿವೆಗಳಲ್ಲಿ ಪೂರ್ತಿ ಕೊಳೆಯದೆ ಪದರಪದರವಾಗಿ ಉಳಿದ ಸಸ್ಯದ ಮಣ್ಣನ್ನು ಆರ್. ಸುಕುಮಾರ್ ಮತ್ತು ಜೊತೆಗಾರರು ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಇಂಗಾಲದ ಗುರುತು ಓದಿ ಸುಮಾರು 20,000 ವರ್ಷಗಳಲ್ಲಿ ಯಾವಾಗ ಮುಂಗಾರು ಬಲವಾಗಿತ್ತು, ಯಾವಾಗ ಹುಲ್ಲು ಹಬ್ಬಿತು, ಯಾವಾಗ ಮರ ಹಬ್ಬಿತು ಎಂದು ಹೇಳಲು ಸಾಧ್ಯವಾಯಿತು. ಯಾವ ಶಾಸನಕ್ಕೂ ಇಲ್ಲದ ಆಯಸ್ಸು ಅದಕ್ಕಿತ್ತು. ಅದೇ ಬೆಟ್ಟದ ಹೆಸರನ್ನು ಆಸ್ಟ್ರೇಲಿಯಾದ ಒಂದು ಮರಕ್ಕಿಟ್ಟು ಕರ್ನಾಟಕದ ಗೋಮಾಳಗಳ ತುಂಬ ನೆಟ್ಟವರು ನಾವು. ಆ ಕಥೆಗೆ ಮುಂದೆ ಬರುತ್ತೇನೆ.

ಮೊದಲು ಎಣಿಕೆಯ ಕಥೆ. ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ‘ಅರಣ್ಯ ಹೊದಿಕೆ’ಯ ವ್ಯಾಖ್ಯೆ ಹೀಗಿದೆ: ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಮರಗಳ ನೆತ್ತಿ ಶೇ. 10ಕ್ಕಿಂತ ಹೆಚ್ಚು ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದಾದರೂ ಆಗಬಹುದು, ಮರ ಯಾವುದಾದರೂ ಆಗಬಹುದು. ತೋಟ, ಬಿದಿರು, ತಾಳೆ ಜಾತಿಯವು ಎಲ್ಲವೂ ಸೇರುತ್ತವೆ. ಉಪಗ್ರಹ ಮೇಲಿನಿಂದ ನೋಡುತ್ತದೆ, ಅದಕ್ಕೆ ಕಾಣುವುದು ಹಸಿರು ತಲೆ. ಹಾಗಾಗಿ ಮಂಡ್ಯ ಬಯಲಿನಲ್ಲಿ ಉತ್ತು, ಯೂರಿಯಾ ಹಾಕಿ, ಬುಡ ಬೋಳಾಗಿಟ್ಟ ದೊಡ್ಡ ತೆಂಗಿನ ತೋಟವೊಂದು ಈ ಲೆಕ್ಕದಲ್ಲಿ ಕಾಡಾಗಬಹುದು. ಮೇಲುಕೋಟೆ ಕಡೆಯ ಬಂಡೆಗಳ ನಡುವೆ ನೂರಾರು ವರ್ಷ ಹುಲ್ಲು, ಮುಳ್ಳುಕಂಟಿ, ಗೆದ್ದಲು ಸೇರಿ ಕಟ್ಟಿದ ಮಣ್ಣಿರುವ ಕುರುಚಲು, ನೆತ್ತಿ ಶೇ. 10ಕ್ಕಿಂತ ಕಡಿಮೆಯಿದ್ದರೆ, ಕಾಡಲ್ಲ. 1974ರಲ್ಲಿ ಮೇಲುಕೋಟೆಯನ್ನು ವನ್ಯಜೀವಿಧಾಮ ಎಂದು ಘೋಷಿಸಿದ್ದು ತೋಳದಂಥ ಪ್ರಾಣಿಗಳಿಗಾಗಿ. ತೋಳಕ್ಕೆ ಬೇಕಾದದ್ದು ದಟ್ಟ ಮರವಲ್ಲ, ಇಂಥ ಕುರುಚಲೇ. ಪ್ರಾಣಿಗೆ ಅರ್ಥವಾದ ಕಾಡು ನಮ್ಮ ವ್ಯಾಖ್ಯೆಗೆ ಅರ್ಥವಾಗಿಲ್ಲ.

ಈ ವ್ಯಾಖ್ಯೆಯಿಂದ ಹುಟ್ಟುವುದು ಪರಿಹಾರದ ಗಣಿತ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕಾಡನ್ನು ಬೇರೆ ಕೆಲಸಕ್ಕೆ ಕೊಟ್ಟರೆ ಬೇರೆಡೆ ಗಿಡ ನೆಡಬೇಕು, ದುಡ್ಡು ಕಟ್ಟಬೇಕು. ಆ ದುಡ್ಡಿಗೆಂದೇ 2016ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಾಡಿನ ‘ನಿವ್ವಳ ಮೌಲ್ಯ’ದ ದರ ಗೊತ್ತುಮಾಡುವುದು ಕಾಡಿನ ವರ್ಗ ಮತ್ತು ನೆತ್ತಿಯ ದಟ್ಟಣೆ ನೋಡಿ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಸುಮಾರು 130 ಚದರ ಕಿಲೋಮೀಟರ್ ಮಳೆಕಾಡನ್ನು ಯೋಜನೆಯೊಂದಕ್ಕೆ ಕೊಡುವಾಗ ಬದಲಿ ಗಿಡಗಳನ್ನು ಹರಿಯಾಣದಲ್ಲಿ ನೆಡುವುದಾಗಿ ಹೇಳಲಾಯಿತು. ಸಮುದ್ರದಾಚೆಯ ತೇವದ ಕಾಡಿಗೆ ಬದಲಾಗಿ ಉತ್ತರದ ಒಣ ನೆಲದಲ್ಲಿ ಸಸಿ. ಮರಕ್ಕೆ ಮರ ಎಂದುಕೊಂಡರೆ ಇದು ಒಂದು ಬಗೆಯ ನ್ಯಾಯದಂತೆ ತೋರಬಹುದು. ಮಣ್ಣಿಗೆ ಮಣ್ಣು ಎಂದು ಕೇಳಿದರೆ ಇಡೀ ಒಪ್ಪಂದ ಕುಸಿದುಬೀಳುತ್ತದೆ. ನಿಕೋಬಾರಿನ ಮಣ್ಣನ್ನು ಹರಿಯಾಣದಲ್ಲಿ ನೆಡಲು ಬರುವುದಿಲ್ಲ.

2023ರ ‘ಹಸಿರು ಸಾಲ’ ನಿಯಮಗಳು ಇದನ್ನು ಮಾರುಕಟ್ಟೆಗೆ ತಂದವು. ಸವೆದ ಅರಣ್ಯಭೂಮಿಯಲ್ಲಿ ಗಿಡ ನೆಟ್ಟವರಿಗೆ ಅಂಕ ಸಿಗುತ್ತದೆ. 2024ರ ಫೆಬ್ರುವರಿಯಲ್ಲಿ ಹೊರಡಿಸಿದ ವಿಧಾನದ ಪ್ರಕಾರ ಹೆಕ್ಟೇರಿಗೆ ಕನಿಷ್ಠ 1,100 ಮರ, ಮರಕ್ಕೊಂದು ಅಂಕ. ಟೀಕೆ ಬಂದ ಮೇಲೆ 2025ರಲ್ಲಿ ಐದು ವರ್ಷ ಬದುಕಿದ ಮರ ಮತ್ತು ಶೇ. 40ರ ನೆತ್ತಿಯ ದಟ್ಟಣೆ ಎಂಬ ಷರತ್ತು ಸೇರಿತು. ಸುಧಾರಣೆಯೇ ಸರಿ, ಆದರೆ ಅಂಕ ಇಂದಿಗೂ ಮರದ ತಲೆ ಎಣಿಸಿಯೇ ಸಿಗುತ್ತದೆ. ಮತ್ತೆ, ‘ಸವೆದ’ ಭೂಮಿ ಎಂದು ಯಾವುದನ್ನು ಕರೆಯುತ್ತಾರೆ? ಹೆಚ್ಚಾಗಿ ನಮ್ಮ ಕುರುಚಲನ್ನು, ನಮ್ಮ ಹುಲ್ಲುಗಾವಲನ್ನು. ಅಲ್ಲಿ ಹೆಕ್ಟೇರಿಗೆ 1,100 ಗುಂಡಿ ತೋಡುವುದೆಂದರೆ 1,100 ಕಡೆ ಹರಳು ಒಡೆದು, ಒಳಗೆ ಕೂತಿದ್ದ ಇಂಗಾಲವನ್ನು ಗಾಳಿಗೆ ಬಿಡುವುದು. ಜೆಸಿಬಿಯಿಂದ ಇಡೀ ಗುಡ್ಡಕ್ಕೆ ಕಂದಕ ಹೊಡೆದರಂತೂ ಕೇಳುವುದೇ ಬೇಡ. ಇಂಗಾಲ ಹಿಡಿಯಲು ಹೊರಟವರು ಮೊದಲ ದಿನ ಮಾಡುವ ಕೆಲಸ ಇಂಗಾಲ ಬಿಡುವುದು.

ಮರ ಬೆಳೆದರೆ ಮಣ್ಣು ತಾನೇ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೋಳಾದ ಹೊಲದಲ್ಲಿ ಮರ ಬೆಳೆಸಿದರೆ ಮಣ್ಣಿನ ಇಂಗಾಲ ನಿಧಾನವಾಗಿ ಏರುತ್ತದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇದ್ದ ಕಾಡನ್ನೋ ಹುಲ್ಲನ್ನೋ ತೆಗೆದು ನೆಡುತೋಪು ಮಾಡಿದರೆ ಏನಾಗುತ್ತದೆ? ಹಲವು ದೇಶಗಳ ಅಳತೆಗಳನ್ನು ಒಟ್ಟು ಮಾಡಿ ಗುವೊ ಮತ್ತು ಗಿಫರ್ಡ್ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳುವುದು ಇಷ್ಟು: ಸಹಜ ಕಾಡು ಉಳುವ ಹೊಲವಾದರೆ ಮಣ್ಣಿನ ಇಂಗಾಲ ಸರಾಸರಿ ಶೇ. 42ರಷ್ಟು ಇಳಿಯುತ್ತದೆ, ಸಹಜ ಕಾಡು ನೆಡುತೋಪಾದರೆ ಶೇ. 13; ಹುಲ್ಲುಗಾವಲು ನೆಡುತೋಪಾದರೆ ಶೇ. 10. ಮೇಲೆ ಹಸಿರು ಹೆಚ್ಚಿದಾಗಲೂ ಕೆಳಗೆ ಗಂಟು ಕರಗಬಹುದು ಎಂದಾಯಿತು.

ಗಂಟು ಎಷ್ಟು ದೊಡ್ಡದು ಎಂದು ಬಾಯಿಲೆಕ್ಕ ಹಾಕೋಣ. ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. 30 ಸೆಂಟಿಮೀಟರ್ ಆಳದವರೆಗಿನ ಮಣ್ಣು 3,000 ಘನ ಮೀಟರ್. ಘನ ಮೀಟರಿಗೆ 1.3 ಟನ್ ಹಿಡಿದರೆ 3,900 ಟನ್ ಮಣ್ಣು. ಅದರಲ್ಲಿ ಇಂಗಾಲ ಶೇ. 1 ಇದ್ದರೆ 39 ಟನ್. ಅದು ಶೇ. 0.5ಕ್ಕೆ ಇಳಿದರೆ ಹೆಕ್ಟೇರಿಗೆ 19.5 ಟನ್ ಇಂಗಾಲ ಹೋಯಿತು. ಗಾಳಿಯಲ್ಲಿ ಅದು ಸುಮಾರು 71 ಟನ್ ಇಂಗಾಲದ ಡೈಆಕ್ಸೈಡ್. ಬರಿಗಣ್ಣಿಗೆ ಆ ನೆಲದಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ಫೋಟೊ ತೆಗೆಯಲು ಏನೂ ಇಲ್ಲ. ಮರ ಬಿದ್ದರೆ ಸದ್ದಾಗುತ್ತದೆ, ಇದಕ್ಕೆ ಸದ್ದಿಲ್ಲ.

‘ಮಣ್ಣಿನ ಇಂಗಾಲ ಅಳೆಯುವುದು ಕಷ್ಟ’ ಎಂಬುದು ಅಧಿಕಾರಿಗಳ ಬಳಿ ಸದಾ ಸಿದ್ಧವಿರುವ ಉತ್ತರ. ಇದೇ ಕೆಲಸದಲ್ಲಿ ಪಿಎಚ್‌.ಡಿ. ಮಾಡುತ್ತಿರುವವನಾಗಿ ಹೇಳುತ್ತೇನೆ: ಕಷ್ಟ ನಿಜ, ನೆಪವಾಗುವಷ್ಟು ಕಷ್ಟವಲ್ಲ. ಹತ್ತು ಹೆಜ್ಜೆಗೊಮ್ಮೆ ಮಣ್ಣು ಬದಲಾಗುತ್ತದೆ, ಹಾಗಾಗಿ ಮಾದರಿ ಹೆಚ್ಚು ಬೇಕು. ಆಳಕ್ಕೆ ಹೋಗಬೇಕು, ಕಲ್ಲು ತೆಗೆದು ತೂಗಬೇಕು. ಆದರೆ ಮೂಲ ವಿಧಾನ 1934ರದು. ಮಣ್ಣಿಗೆ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಹಾಕಿದರೆ ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತದೆ. ಎಷ್ಟು ತಿರುಗಿತು ಎಂಬುದೇ ಇಂಗಾಲದ ಅಳತೆ. ಹಳ್ಳಿಯಿಂದ ಬಂದ ಮಣ್ಣಿಗೆ ಸರ್ಕಾರಿ ಪ್ರಯೋಗಾಲಯಗಳು ಇದನ್ನು ಮಾಡುತ್ತಲೇ ಇವೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿರುವ 12 ಅಂಶಗಳಲ್ಲಿ ಸಾವಯವ ಇಂಗಾಲವೂ ಒಂದು. ಶೇ. 0.5ಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’ ಎಂದು ಬರೆದು, ಕೊಟ್ಟಿಗೆ ಗೊಬ್ಬರ ಹಾಕಿ ಎಂದು ರೈತನಿಗೆ ಬುದ್ಧಿ ಹೇಳುತ್ತಾರೆ.

ಇದರ ಅರ್ಥ ನೋಡಿ. ಕೆರಗೋಡಿನ ರೈತನೊಬ್ಬನ ಒಂದು ಎಕರೆ ಗದ್ದೆಯ ಇಂಗಾಲಕ್ಕೆ ಸರ್ಕಾರದಲ್ಲಿ ಚೀಟಿ ಇದೆ. ನೂರಾರು ಹೆಕ್ಟೇರ್ ಕಾಡನ್ನು ಗಣಿಗೆ ಬಿಟ್ಟುಕೊಡುವ ಕಡತದಲ್ಲಿ ಅಂಥದೊಂದು ಚೀಟಿ ಇಲ್ಲ. ಬಡವನ ಮಣ್ಣಿಗೆ ಪರೀಕ್ಷೆ, ದೊಡ್ಡವರ ಯೋಜನೆಗೆ ರಿಯಾಯಿತಿ. ಅಳೆಯಲು ಬರುವುದಿಲ್ಲ ಎಂಬ ಮಾತು ಇಲ್ಲಿಗೆ ಮುಗಿಯಬೇಕು.

ಈಗ ನೀಲಗಿರಿ ಮರದ ಕಥೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕರ್ನಾಟಕದ ಬಯಲಿನ ತುಂಬ ನೀಲಗಿರಿ ಹಬ್ಬಿತು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. ಮುಂದೆ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿ ಕೊಡಲು ಹೊರಟಾಗ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಅರ್ಜಿದಾರರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. 1991ರಲ್ಲಿ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಈ ಇತಿಹಾಸವನ್ನು ನಾವು ‘ನೀರು ಹೀರುವ ಮರ’ದ ವಿರುದ್ಧದ ಹೋರಾಟ ಎಂದು ನೆನಪಿಟ್ಟುಕೊಂಡಿದ್ದೇವೆ. ಅದು ಅದಕ್ಕಿಂತ ದೊಡ್ಡದಾಗಿತ್ತು. ಗೋಮಾಳದಲ್ಲಿ ದನ ಮೇಯುತ್ತಿತ್ತು, ಸೊಪ್ಪು ಬೀಳುತ್ತಿತ್ತು, ಸಗಣಿ ಹೊಲಕ್ಕೆ ಬರುತ್ತಿತ್ತು, ಮಳೆಗೆ ಗೋಡು ಕೆರೆಗೆ ಇಳಿಯುತ್ತಿತ್ತು. ಇಂಗಾಲ ಊರಿನೊಳಗೇ ಸುತ್ತುತ್ತಿತ್ತು. ನೆಡುತೋಪು ಬಂದ ಮೇಲೆ ಅದು ಲಾರಿ ಹತ್ತಿ ಕಾರ್ಖಾನೆಗೆ ಹೋಯಿತು. ಮರ ನೆಡಬೇಡಿ ಎಂದು ಮರದ ವಿರುದ್ಧ ನಿಂತ ಆ ಜನ ಆ ದಿನಗಳಲ್ಲಿ ಕೆಲವರಿಗೆ ಅಭಿವೃದ್ಧಿಯ ವಿರೋಧಿಗಳಂತೆ ಕಂಡರು. ಸಸಿ ಕೀಳುವುದೂ ಕಾಡು ಉಳಿಸುವ ಕೆಲಸವಾಗಬಹುದು ಎಂಬ ತಿಳಿವಳಿಕೆ ಅವರಿಗಿತ್ತು. ಇಂದು ಜೂನ್ 5ಕ್ಕೆ ಸಸಿ ಹಿಡಿದು ಫೋಟೊಗೆ ನಿಲ್ಲುವ ನಮಗೆ ಅದು ಇಲ್ಲ.

ನೀರಿನ ಮಾತಿಗೆ ಬಂದರೆ ಮಂಡ್ಯದವರಿಗೆ ಪಾಠ ಹೇಳುವ ಧೈರ್ಯ ಯಾರಿಗೂ ಇಲ್ಲ. ಕಾವೇರಿಗಾಗಿ ನಾವು ಹೆದ್ದಾರಿಯಲ್ಲಿ ಕೂತಿದ್ದೇವೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲು 284.75 ಟಿಎಂಸಿ ಎಂದಿತು. ದಶಮಾಂಶದ ಎರಡು ಸ್ಥಾನದವರೆಗೆ ನೀರನ್ನು ಹಂಚಿಕೊಂಡಿದ್ದೇವೆ. ಆ ನೀರು ಕೆಆರ್‌ಎಸ್ ತಲುಪುವ ಮೊದಲು ಎಲ್ಲಿ ನಿಂತಿತ್ತು? ಕೊಡಗಿನ ಮಳೆಯೆಲ್ಲ ಒಂದೇ ವಾರದಲ್ಲಿ ಹೊಳೆಗೆ ಓಡಿಬಂದರೆ ಅಣೆಕಟ್ಟೆ ತುಂಬಿ ಹರಿಯುತ್ತದೆ, ಮಾಘದಲ್ಲಿ ಹೊಳೆ ಒಣಗುತ್ತದೆ. ಮಳೆಯನ್ನು ಒಳಗೆ ಬಿಟ್ಟುಕೊಂಡು ನಿಧಾನಕ್ಕೆ ಕೊಡುವುದು ಕಾಡಿನ ಮಣ್ಣು. ಉತ್ತರ ಕನ್ನಡದಲ್ಲಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಗಾರರು ಸಹಜ ಕಾಡು, ಸವೆದ ಕಾಡು, ಅಕೇಶಿಯಾ ನೆಡುತೋಪುಗಳಲ್ಲಿ ನೀರು ಇಳಿಯುವ ವೇಗವನ್ನು ಅಳೆದಿದ್ದಾರೆ. ಸಹಜ ಕಾಡಿನ ಮಣ್ಣು ಜೋರು ಮಳೆಯನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಸವೆದ ನೆಲದಲ್ಲಿ ಅದು ಮೇಲೆಯೇ ಹರಿದುಹೋಗುತ್ತದೆ. ನೆಡುತೋಪು ಸಹಜ ಕಾಡಿಗೆ ಸಮವಾಗಲಿಲ್ಲ.

ಇಲ್ಲಿ ಉತ್ಪ್ರೇಕ್ಷೆ ಬೇಡ. ಮಣ್ಣಿಗೆ ಇಂಗಾಲ ಸೇರಿದರೆ ಅದು ಸ್ಪಂಜಿನಂತೆ ನೀರು ಕುಡಿಯುತ್ತದೆ ಎಂದು ಹೇಳುವ ವಾಟ್ಸಾಪ್ ಸಂದೇಶಗಳು ಬೇಕಾದಷ್ಟಿವೆ. ಮಿನಾಸ್ನಿ ಮತ್ತು ಮ್ಯಾಕ್‌ಬ್ರಾಟ್ನಿ 2018ರಲ್ಲಿ ಸಾವಿರಾರು ಅಳತೆಗಳನ್ನು ನೋಡಿ, ಇಂಗಾಲ ಶೇ. 1 ಏರಿದರೆ ಗಿಡಕ್ಕೆ ಸಿಗುವ ನೀರಿನ ಪ್ರಮಾಣ 100 ಮಿಲಿಮೀಟರ್ ಮಣ್ಣಿಗೆ ಸರಾಸರಿ 1.16 ಮಿಲಿಮೀಟರ್‌ನಷ್ಟು ಮಾತ್ರ ಏರುತ್ತದೆ ಎಂದರು. ಮುಖ್ಯವಾದದ್ದು ಮಣ್ಣು ಎಷ್ಟು ನೀರು ಹಿಡಿದಿಟ್ಟುಕೊಂಡಿತು ಎಂಬುದಕ್ಕಿಂತ ಎಷ್ಟನ್ನು ಒಳಕ್ಕೆ ದಾಟಿಸಿತು ಎಂಬುದು. ಇಂಗಾಲ ಹೊಲಿದ ಹರಳುಗಳ ನಡುವಿನ ಸಂದು, ಬೇರು ಸತ್ತು ಬಿಟ್ಟ ಕೊಳವೆ, ಗೆದ್ದಲು ಎರೆಹುಳು ಕೊರೆದ ದಾರಿ ಈ ಕೆಲಸ ಮಾಡುತ್ತವೆ. ಬುಲ್ಡೋಜರ್ ಒಮ್ಮೆ ಹಾದುಹೋದರೆ ಇವೆಲ್ಲ ಮುಚ್ಚಿಹೋಗುತ್ತವೆ. ಮೈಸೂರು–ಕೋಯಿಕ್ಕೋಡ್ ವಿದ್ಯುತ್ ಮಾರ್ಗಕ್ಕಾಗಿ ಕೊಡಗಿನಲ್ಲಿ ಸಾವಿರಾರು ಮರ ಉರುಳಿದಾಗಲೂ ವಾದ ನಡೆದದ್ದು ಎಷ್ಟು ಮರ ಎಂಬುದರ ಮೇಲೆ. ಕಾವೇರಿ ನಮ್ಮದು ಎನ್ನುವವರು ಕಾವೇರಿಯನ್ನು ಹಿಡಿದಿಟ್ಟ ಮಣ್ಣೂ ನಮ್ಮದು ಎನ್ನಬೇಕಲ್ಲವೇ?

ಇನ್ನೊಂದು ಆಕ್ಷೇಪವಿದೆ, ಅದನ್ನು ನಾನು ಹೆಚ್ಚು ಗೌರವಿಸುತ್ತೇನೆ. ‘ನೀವು ಮಣ್ಣಿನ ಇಂಗಾಲ ಎನ್ನುತ್ತೀರಿ, ನಾಳೆ ಅದೇ ನೆಪದಲ್ಲಿ ಸೌದೆಗೆ ಬಂದ ಹೆಂಗಸನ್ನು, ಕುರಿ ಬಿಟ್ಟ ಹುಡುಗನನ್ನು ಕಾಡಿನಿಂದ ಓಡಿಸುತ್ತಾರೆ.’ ಓಡಿಸಿಯಾರು. ಅರಣ್ಯ ಇಲಾಖೆಯ ಹುಟ್ಟಿನಿಂದಲೂ ಬೈಗುಳ ತಿಂದದ್ದು ಮೇಯಿಸುವವರೇ. ಸೊಪ್ಪಿನ ಬೆಟ್ಟಗಳಿಂದ ಅಡಿಕೆ ತೋಟಕ್ಕೆ ತರಗು ಹೊತ್ತರೆ ಬೆಟ್ಟದ ಮಣ್ಣು ಬಡವಾಗುತ್ತದೆ ಎಂಬುದೂ ನಿಜವೇ. ಆದರೆ ತಲೆಹೊರೆಗೂ ಜೆಸಿಬಿಗೂ ವ್ಯತ್ಯಾಸ ತಿಳಿಯದ ಲೆಕ್ಕ ನನಗೆ ಬೇಡ. ತಲೆಹೊರೆ ಎಲೆಯನ್ನು ಒಯ್ಯುತ್ತದೆ, ಮಳೆಗಾಲಕ್ಕೆ ಎಲೆ ಮತ್ತೆ ಬರುತ್ತದೆ. ಜೆಸಿಬಿ ಮಣ್ಣನ್ನೇ ಒಯ್ಯುತ್ತದೆ. ಮೊದಲನೆಯದನ್ನು ಊರವರ ಜೊತೆ ಕೂತು ಮಾತಾಡಿ ಸರಿಪಡಿಸಬಹುದು. ಎರಡನೆಯದಕ್ಕೆ ಮಾತುಕತೆ ಉಳಿದಿರುವುದಿಲ್ಲ.

ಮಣ್ಣು ಯಾಕೆ ನಮ್ಮ ಲೆಕ್ಕದಿಂದ ಜಾರಿತು ಎಂದು ಯೋಚಿಸಿದರೆ ಉತ್ತರ ವಿಜ್ಞಾನದಲ್ಲಿ ಮಾತ್ರ ಇಲ್ಲ. ಮಣ್ಣು ಕೀಳು ಎಂಬ ಭಾವನೆ, ಮಣ್ಣು ಮುಟ್ಟುವವರೂ ಕೀಳು ಎಂಬ ಭಾವನೆಯ ಒಡಹುಟ್ಟು. ಕೆರೆ ತೋಡಿದವರು, ಗೋಡು ಎತ್ತಿದವರು, ಸತ್ತ ದನ ಹೊತ್ತವರು, ಹೆಣಕ್ಕೆ ಗುಂಡಿ ತೆಗೆದವರು ಯಾರೆಂದು ಎಲ್ಲರಿಗೂ ಗೊತ್ತು. ಅವರಿಗೆ ಮಣ್ಣಿನ ಕೆಲಸ ಇತ್ತು, ಮಣ್ಣಿನ ಒಡೆತನ ಇರಲಿಲ್ಲ. ಕಾರಂತರು ‘ಚೋಮನ ದುಡಿ’ ಬರೆದದ್ದು 1933ರಲ್ಲಿ. ತನ್ನದೇ ತುಂಡು ನೆಲ ಉಳಬೇಕೆಂಬ ಆಸೆ ತೀರದೆ ಹೋದವನ ಕಥೆ ಅದು. ಅದೇ ಕಾರಂತರು ಅರ್ಧ ಶತಮಾನದ ನಂತರ ಊರವರ ಗೋಮಾಳಕ್ಕಾಗಿ ನ್ಯಾಯಾಲಯಕ್ಕೆ ಹೋದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಮಣ್ಣು ಯಾರದು ಎಂಬ ಪ್ರಶ್ನೆ ಮತ್ತು ಮಣ್ಣು ಬದುಕಿದೆಯೇ ಎಂಬ ಪ್ರಶ್ನೆ ಎರಡಲ್ಲ.

ಸಾಹಿತ್ಯ ಓದುವ ನಮ್ಮಂಥವರ ಕಾಡಿನ ರುಚಿಯೂ ಇಲ್ಲಿ ವಿಚಾರಣೆಗೆ ಒಳಪಡಬೇಕು. ಮಲೆನಾಡಿನ ಲೇಖಕರು ನಮಗೆ ಕಾಡು ನೋಡಲು ಕಲಿಸಿದರು, ಆ ಋಣ ದೊಡ್ಡದು. ಆದರೆ ನಾವು ಕಲಿತದ್ದು ಎತ್ತರದ ಮರ, ಕವಿದ ಮಂಜು, ಸುರಿವ ಮಳೆ ಇರುವುದೇ ಕಾಡು ಎಂದು. ಬಯಲುಸೀಮೆಯ ಕುರುಚಲು ನಮಗೆ ‘ಪಾಳು’. ಅದರ ತಂಗಡಿ, ಲಂಟಾನ, ಜಾಲಿ ಬೇರೆ ಬೇರೆ ಎಂದು ಕೂಡ ನಾವು ನೋಡುವುದಿಲ್ಲ. ಕಡತದಲ್ಲಿ ‘ಸವೆದ ಭೂಮಿ’ ಎಂದು ಬರೆಯುವ ಗುಮಾಸ್ತನಿಗೂ ‘ಪಾಳುಬಿದ್ದ ಗುಡ್ಡ’ ಎಂದು ಬರೆಯುವ ಕವಿಗೂ ನಡುವೆ ನಾವು ಅಂದುಕೊಂಡಷ್ಟು ದೂರವಿಲ್ಲ.

ಹಾಗಾದರೆ ಬೇಕಾದ್ದೇನು? ಒಂದು, ಯಾವುದೇ ಕಾಡನ್ನು ಬೇರೆ ಕೆಲಸಕ್ಕೆ ಕೊಡುವ ಪ್ರಸ್ತಾವದಲ್ಲಿ ಒಂದು ಮೀಟರ್ ಆಳದವರೆಗಿನ ಮಣ್ಣಿನ ಇಂಗಾಲ ಅಳೆದು ಬಹಿರಂಗಪಡಿಸಬೇಕು. ಗದ್ದೆಗೆ ಕೊಡುವ ಚೀಟಿಯನ್ನು ಕಾಡಿಗೂ ಕೊಡಿ. ಎರಡು, ಕುರುಚಲು ಮತ್ತು ಹುಲ್ಲುಗಾವಲಿನಲ್ಲಿ ಗುಂಡಿ ತೋಡುವ ಮುನ್ನ ಅಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕು. ನೋಡದೆ ತೋಡಿದ ಗುಂಡಿಗೆ ಹಸಿರು ಅಂಕ ಕೊಡಬಾರದು. ಮೂರು, ಮರಕ್ಕೆ ಬದಲಾಗಿ ಮರ ಎಂಬ ಪರಿಹಾರದ ಕಲ್ಪನೆಯನ್ನೇ ಕೈಬಿಡಬೇಕು. ಹಿಂದಿರುಗಿಸಲಾಗದ್ದನ್ನು ತೆಗೆದುಕೊಳ್ಳುವುದಕ್ಕೆ ಪರಿಹಾರ ಎಂಬುದಿಲ್ಲ, ಅನುಮತಿ ಅಥವಾ ನಿರಾಕರಣೆ ಮಾತ್ರ ಇದೆ. ನಿರಾಕರಣೆ ಎಂಬ ಪದ ಇನ್ನೂ ಕಾನೂನಿನಲ್ಲಿ ಉಳಿದಿದೆ ಎಂದು ಅಧಿಕಾರಿಗಳಿಗೆ ನೆನಪಿಸಬೇಕಾಗಿದೆ.

ನಮ್ಮ ಬಯಲಿನವರಿಗೂ ಒಂದು ಮಾತು. ಕಬ್ಬಿನ ತರಗಿಗೆ ಬೆಂಕಿ ಇಡುವ ಊರಿಗೆ ಕಾಡಿನ ತರಗಿನ ಬಗ್ಗೆ ಮಾತಾಡುವ ಬಾಯಿ ಅರ್ಧ ಮುಚ್ಚಿರುತ್ತದೆ. ಎರಡಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ, ಎರಡೂ ಒಂದೇ ವಸ್ತು. ಕೂಲಿ ಸಿಗುವುದಿಲ್ಲ, ಮುಂದಿನ ಕುಳೆಗೆ ಹೊತ್ತಾಗುತ್ತದೆ ಎಂಬ ರೈತನ ಕಷ್ಟ ನಿಜ. ತರಗು ಪುಡಿ ಮಾಡುವ ಯಂತ್ರವನ್ನು ಹೋಬಳಿಗೆ ಒದಗಿಸುವುದು ಸಸಿ ಹಂಚುವುದಕ್ಕಿಂತ ಹೆಚ್ಚು ಇಂಗಾಲ ಉಳಿಸಬಹುದು. ಆದರೆ ತರಗು ಹಿಡಿದು ಫೋಟೊ ತೆಗೆಸಿಕೊಳ್ಳಲು ಯಾವ ಮಂತ್ರಿಯೂ ಬರುವುದಿಲ್ಲ.

ಭಾಷೆ ಬದಲಾಗಲು ಕಾಲ ಬೇಕು. ‘ಮಣ್ಣುಪಾಲು’ ಎಂಬ ಪದ ನಷ್ಟದ ಅರ್ಥದಲ್ಲೇ ಇನ್ನಷ್ಟು ದಿನ ಓಡಾಡಲಿ, ತೊಂದರೆಯಿಲ್ಲ. ಸರ್ಕಾರದ ಕಡತಕ್ಕೆ ಅಷ್ಟು ಕಾಲ ಕೊಡುವಂತಿಲ್ಲ. ಮುಂದಿನ ಬಾರಿ ಒಂದು ಕಾಡು ಹೋಗುತ್ತಿದೆ ಎಂಬ ಸುದ್ದಿ ಬಂದಾಗ ಎಷ್ಟು ಮರ ಎಂದು ಕೇಳಿ ಸುಮ್ಮನಾಗಬೇಡಿ. ಮಣ್ಣಿನಲ್ಲಿ ಎಷ್ಟಿತ್ತು ಎಂದೂ ಕೇಳಿ. ಉತ್ತರ ಅವರ ಬಳಿ ಇರುವುದಿಲ್ಲ. ಉತ್ತರವಿಲ್ಲದೆ ಸಹಿ ಹಾಕಬಾರದು ಎಂಬುದೇ ನಮ್ಮ ಹಟವಾಗಲಿ.